ಅಂಗಡಿಗೆ ಹೋಗುವ ದಾರಿ, ಅಂಗಡಿಯೇ ಬರುವ ದಾರಿ

(ಶಾಲೆಯ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವುದು ಸಣ್ಣ ಭಾಗ್ಯವಲ್ಲ. ಇಂಥ ಸಂದರ್ಭದಲ್ಲಿ ನುಡಿಯ ಬಗ್ಗೆಯೋ, ಕನ್ನಡ ಮಾಧ್ಯಮದ ಅಳಿವು ಉಳಿವಿನ ಬಗ್ಗೆಯೋ ಮಾತನಾಡುವುದು ವಾಡಿಕೆ. ಸಂಘಟಕರು ನಮಗೆ ಒಪ್ಪಿಸಿರುವ ವಿಷಯ ಬೇರೆ: ಆನ್‌ಲೈನ್ ಖರೀದಿಯಿಂದ ನಗರವಾಸಿಗಳ ಓಡಾಟದಲ್ಲಿ ಆಗಿರುವ ಬದಲಾವಣೆ. ನೀಲಗಿರಿಯ ತಪ್ಪಲಿನ ಮಾವನಲ್ಲದಿಂದ ಬಂದವರ ಕೈಗೆ ನಗರದ ವಿಷಯವನ್ನು ಕೊಟ್ಟಿದ್ದಾರಲ್ಲ ಎಂದು ನಾವು ಮೊದಲು ಅಚ್ಚರಿಪಟ್ಟೆವು. ಈ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಊರಿನ ಹೆಸರು ಕೇಳಿ 'ಮಾವನಲ್ಲದಿದ್ದರೆ ಮತ್ತಾರು?' ಎಂದು ನಗುತ್ತಿದ್ದ ಸಹಪಾಠಿಗಳು ಇಂದೂ ಈ ಸಭೆಯಲ್ಲಿದ್ದಾರೆ; ಅವರ ನಗುವಿಗೆ ಇನ್ನೊಂದು ಕಾರಣ ದೊರೆಯಿತೆಂದು ಅಂದುಕೊಂಡೆವು. ಆದರೆ ಯೋಚಿಸುತ್ತ ಹೋದಂತೆ ಈ ವಿಷಯ ನಮಗೆ ದೂರದ್ದಲ್ಲವೆಂದು ಮನದಟ್ಟಾಯಿತು. ನಗರದ ಬೀದಿಯಲ್ಲಿ ನಿಂತವರಿಗೆ ಕಾಣದ ಒಂದೆರಡು ಸಂಗತಿಗಳು ಕಾಡಿನಂಚಿನಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತವೆ.

ನಮ್ಮ ಊರಿನ ನೆಲೆಯನ್ನು ಬಲ್ಲದವರಿಗಾಗಿ ಎರಡು ಮಾತು. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ ಮೂಲಕ ಊಟಿಗೆ ಹೋಗುವ ರಸ್ತೆಯಲ್ಲಿ, ಸೀಗೂರು ಬಯಲಿನಲ್ಲಿ ಮಾವನಲ್ಲವಿದೆ. ಮೇಲಕ್ಕೆ ಹೊರಟರೆ ಊಟಿಯನ್ನು ಮುಟ್ಟುವ ಮೊದಲು 36 ಕಡಿದಾದ ತಿರುವುಗಳನ್ನು ದಾಟಬೇಕು. ಕೆಳಕ್ಕೆ ಹೊರಟರೆ ಮಸಿನಗುಡಿ, ತೆಪ್ಪಕಾಡು, ಕೆಕ್ಕನಹಳ್ಳದ ಗಡಿಠಾಣೆ, ಬಂಡೀಪುರ, ಆಮೇಲೆ ಗುಂಡ್ಲುಪೇಟೆ. ಈ ದಾರಿಯ ಬಹುಭಾಗ ಹುಲಿ ಮೀಸಲು ಅರಣ್ಯದೊಳಗೇ ಹಾದುಹೋಗುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂದದ್ದು 2009ರಲ್ಲಿ. ಹೀಗಾಗಿ 'ಪೇಟೆಗೆ ಹೋಗಿಬರುವುದು' ಎಂಬ ಮಾತಿಗೆ ನಮ್ಮಲ್ಲಿ ಒಂದು ಇಡೀ ಹಗಲಿನ ತೂಕವಿದೆ.

ನಮ್ಮ ಬಾಲ್ಯದಲ್ಲಿ ಊಟಿಗೋ ಗುಂಡ್ಲುಪೇಟೆಗೋ ಹೊರಟವರು ಒಬ್ಬಂಟಿಯಾಗಿ ಹೊರಡುತ್ತಿರಲಿಲ್ಲ. ಅವರ ಜೇಬಿನಲ್ಲಿ ಇಡೀ ಬೀದಿಯೇ ಹೊರಡುತ್ತಿತ್ತು. ಹಿಂದಿನ ರಾತ್ರಿಯೇ ಸುದ್ದಿ ಹರಡುತ್ತಿತ್ತು. ಒಂದು ಮನೆಯಿಂದ ಔಷಧಿಯ ಚೀಟಿ, ಇನ್ನೊಂದು ಮನೆಯಿಂದ ರವಿಕೆ ಬಟ್ಟೆಗೆ ಬಣ್ಣ ಹೊಂದಿಸಲು ಸೀರೆಯ ತುಂಡು, ಮತ್ತೊಂದು ಮನೆಯಿಂದ ನಿಂತುಹೋದ ಗಡಿಯಾರ, ಮಕ್ಕಳಿರುವ ಮನೆಯಿಂದ ನೋಟುಪುಸ್ತಕಗಳ ಪಟ್ಟಿ. ಸಂಜೆಯ ಬಸ್ಸಿಗಾಗಿ ನಾಲ್ಕಾರು ಜನ ರಸ್ತೆಯಂಚಿನಲ್ಲಿ ಕಾದು ನಿಲ್ಲುತ್ತಿದ್ದರು. ಇಳಿದವರು ಚೀಲ ಬಿಚ್ಚಿ, ಚಿಲ್ಲರೆಯ ಲೆಕ್ಕ ಒಪ್ಪಿಸಿ, 'ಆ ಬಣ್ಣ ಸಿಗಲಿಲ್ಲ, ಇದು ಸಾಕೇನಮ್ಮ?' ಎಂದು ಕೇಳುತ್ತಿದ್ದರು. ಹತ್ತು ಮನೆಯ ಅಗತ್ಯಕ್ಕೆ ಒಂದು ಪ್ರಯಾಣ. ಇದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಇಂದು ಸರಕು ಸಾಗಣೆಯ ತಜ್ಞರು ಬೆಲೆಬಾಳುವ ಯಂತ್ರಗಳ ನೆರವಿನಿಂದ ಸಾಧಿಸಲು ಹೆಣಗುತ್ತಿರುವ 'ಒಟ್ಟುಗೂಡಿಸಿ ಸಾಗಿಸುವ' ತತ್ತ್ವ ಅದೇ ಎಂಬುದು ನಮಗೆ ಬಹಳ ಕಾಲದ ಮೇಲೆ ತಿಳಿಯಿತು. ಆ ಚೀಟಿಗಳ ನೆನಪನ್ನು ಕೈಯಲ್ಲಿ ಹಿಡಿದುಕೊಂಡೇ ಈ ಮಾತನ್ನು ಮುಂದುವರಿಸುತ್ತೇವೆ.

ಕುಳಿತಲ್ಲಿಗೆ ಸರಕು ತರಿಸಿಕೊಳ್ಳುವುದು ಈ ಶತಮಾನದ ಹೊಸ ಸೋಜಿಗವೇನಲ್ಲ. ನಮ್ಮ ದೇಶದ ಅಂಚೆ ಇಲಾಖೆಯಲ್ಲಿ ವಿ.ಪಿ.ಪಿ. ವ್ಯವಸ್ಥೆ 1877ರಲ್ಲೇ ಬಂತು. ಪತ್ರಿಕೆಯ ಜಾಹೀರಾತು ನೋಡಿ ಕಾರ್ಡು ಬರೆದರೆ ಪುಸ್ತಕವೋ ಗಡಿಯಾರವೋ ಅಂಚೆಯಣ್ಣನ ಕೈಯಲ್ಲಿ ಬರುತ್ತಿತ್ತು. ಹಣ ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದು, ನಮ್ಮಂಥ ಊರುಗಳಿಗೂ ಆರಂಕಿಯ ಗುರುತು ದೊರೆಯಿತು. ಇಂದು ಬೆರಳ ತುದಿಯಲ್ಲಿ ಸರಕು ತರಿಸುವ ಪ್ರತಿಯೊಂದು ಕಂಪನಿಯೂ ಮೊದಲು ಕೇಳುವುದು ಅಂಚೆಯವರು ಕೊಟ್ಟ ಆ ಆರು ಅಂಕಿಗಳನ್ನೇ.

ಹೊಸದು ಬಂದದ್ದು ವೇಗದಲ್ಲಿ ಮತ್ತು ಪ್ರಮಾಣದಲ್ಲಿ. ಅದರ ಕಥೆಯ ದೊಡ್ಡ ಭಾಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. 1999ರಲ್ಲಿ ಫ್ಯಾಬ್‌ಮಾರ್ಟ್ ಅಲ್ಲಿ ಆರಂಭವಾಯಿತು. 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಾಟದಿಂದ ತೊಡಗಿತು. 2010ರಲ್ಲಿ ಅದು ಸರಕು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ತಂದಿತು. ನಮ್ಮ ಹಿರಿಯರು ಕಂಡಿದ್ದ ವಿ.ಪಿ.ಪಿ.ಯೇ ಹೊಸ ಉಡುಪು ತೊಟ್ಟು ಮರಳಿತು ಎನ್ನಬಹುದು. ಬಿಗ್‌ಬ್ಯಾಸ್ಕೆಟ್ 2011ರಲ್ಲಿ, ಸ್ವಿಗ್ಗಿ 2014ರಲ್ಲಿ ಅದೇ ನಗರದಲ್ಲಿ ಹುಟ್ಟಿದವು. 2013ರಲ್ಲಿ ಅಮೆಜಾನ್ ಭಾರತದಲ್ಲಿ ಮಾರಾಟ ಆರಂಭಿಸಿತು. 2016ರಲ್ಲಿ ಯುಪಿಐ ಬಂದು ಹಣ ಕೊಡುವುದು ಸಲೀಸಾಯಿತು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡು ಕುಳಿತಾಗ, ಅದುವರೆಗೆ ಹಿಂಜರಿಯುತ್ತಿದ್ದ ಹಿರಿಯರೂ ಫೋನಿನಲ್ಲಿ ಬೇಳೆ ಸಕ್ಕರೆ ತರಿಸಲು ಕಲಿತರು. ಆಮೇಲಿನದು 'ಹತ್ತು ನಿಮಿಷ'ದ ಯುಗ.

ಇಲ್ಲಿ ಎಲ್ಲರ ಮನಸ್ಸಿನಲ್ಲೂ ಏಳುವ ಸಹಜ ಪ್ರಶ್ನೆ ಒಂದುಂಟು. ಜನ ಅಂಗಡಿಗೆ ಹೋಗುವುದನ್ನು ಬಿಟ್ಟರೆ ರಸ್ತೆಗಳ ಮೇಲಿನ ದಟ್ಟಣೆ ಕಡಿಮೆಯಾಗಬೇಕಲ್ಲವೇ? ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಒಮ್ಮೆ ಸಿಕ್ಕಿಕೊಂಡವರು ಈ ಪ್ರಶ್ನೆಗೆ ಉತ್ತರ ಹೇಳಬಲ್ಲರು. ಆದರೆ ಕಾರಣವನ್ನು ತಿಳಿಯಲು ಸ್ವಲ್ಪ ತಾಳ್ಮೆ ಬೇಕು.

ಸಂಪರ್ಕ ಸಾಧನಗಳಿಗೂ ಪ್ರಯಾಣಕ್ಕೂ ಇರುವ ಸಂಬಂಧವನ್ನು ಅಧ್ಯಯನ ಮಾಡಿದ ಇಲಾನ್ ಸಾಲೊಮನ್, ಪೆಟ್ರೀಷಿಯಾ ಮೊಖ್ತಾರಿಯನ್ ಮೊದಲಾದ ವಿದ್ವಾಂಸರು ಆ ಸಂಬಂಧವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಅದನ್ನು ನಮ್ಮ ಉದಾಹರಣೆಗಳಲ್ಲಿ ನೋಡೋಣ.

ಮೊದಲನೆಯದು ಬದಲಿ. ಹೊಸ ಸೌಲಭ್ಯವು ಹಳೆಯ ಪ್ರಯಾಣದ ಜಾಗದಲ್ಲಿ ಬಂದು ಕೂರುತ್ತದೆ. ರೈಲ್ವೆ ಟಿಕೆಟ್ಟು ಇದಕ್ಕೆ ಒಳ್ಳೆಯ ಉದಾಹರಣೆ. 2002ಕ್ಕೆ ಮೊದಲು ಮುಂಗಡ ಟಿಕೆಟ್ಟಿಗಾಗಿ ನಿಲ್ದಾಣಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವುದೇ ಒಂದು ಪ್ರಯಾಣವಾಗಿತ್ತು. ಆ ವರ್ಷ ಆನ್‌ಲೈನ್ ಟಿಕೆಟ್ಟು ಬಂದಮೇಲೆ ಆ ಓಡಾಟ ಬಹುಮಟ್ಟಿಗೆ ಅಳಿಸಿಹೋಯಿತು. ವಿದ್ಯುತ್ ಬಿಲ್ಲು, ಬ್ಯಾಂಕಿನ ಕೆಲಸಗಳೂ ಹೀಗೆಯೇ. ಇಲ್ಲಿ ಮನೆಗೆ ಬರಬೇಕಾದ ವಸ್ತುವೇ ಇಲ್ಲದ್ದರಿಂದ ಉಳಿತಾಯ ನಿಜವಾದ ಉಳಿತಾಯ.

ಎರಡನೆಯದು ಪೂರಕ. ಹೊಸ ಸೌಲಭ್ಯವು ಪ್ರಯಾಣವನ್ನು ಹೆಚ್ಚಿಸುತ್ತದೆ. ಫೋನಿನಲ್ಲಿ ರೇಷ್ಮೆ ಸೀರೆಯ ಚಿತ್ರ ನೋಡಿದವರು ಕೈಯಲ್ಲಿ ಮುಟ್ಟಿ ನೋಡದೆ ತೃಪ್ತರಾಗದೆ ಚಿಕ್ಕಪೇಟೆಗೆ ಹೊರಡುತ್ತಾರೆ. ನೋಡಿರದಿದ್ದರೆ ಹೊರಡುತ್ತಲೇ ಇರಲಿಲ್ಲ. ಅಳತೆ ಸರಿಹೋಗದ ಪಾದರಕ್ಷೆಯನ್ನು ಹಿಂದಿರುಗಿಸಲು ಇನ್ನೊಬ್ಬರು ಮನೆಗೆ ಬರುತ್ತಾರೆ. ಒಂದು ಜೊತೆ ಪಾದರಕ್ಷೆ ಯಾರ ಪಾದವನ್ನೂ ಸೇರದೆಯೇ ಎರಡು ಬಾರಿ ನಗರವನ್ನು ಸುತ್ತುತ್ತದೆ.

ಮೂರನೆಯದು ಮಾರ್ಪಾಡು. ಪ್ರಯಾಣ ಉಳಿಯುತ್ತದೆ, ಅದರ ಹೊತ್ತು, ದಾರಿ, ವಾಹನ ಬದಲಾಗುತ್ತವೆ. ಅಕ್ಕಿಯ ಮೂಟೆ ಮನೆಗೇ ಬರುವುದಾದರೆ ಭಾರ ಹೊರುವ ಚಿಂತೆಯಿಲ್ಲದವರು ಕಾರನ್ನು ಬಿಟ್ಟು ಮೆಟ್ರೋ ಹತ್ತಬಹುದು. ಹಾಗೆ ಮಾಡಿದರೆ ಅದು ನಗರಕ್ಕೆ ಲಾಭ.

ನಾಲ್ಕನೆಯದು ತಟಸ್ಥತೆ. ಒಂದರಿಂದ ಇನ್ನೊಂದಕ್ಕೆ ಯಾವ ಪರಿಣಾಮವೂ ಇಲ್ಲ. ಯಾರೂ ಎಂದೂ ಹೋಗಿ ತರುತ್ತಿರಲಿಲ್ಲದ ವಸ್ತುವನ್ನು, ರಿಯಾಯಿತಿ ಇದೆಯೆಂಬ ಒಂದೇ ಕಾರಣಕ್ಕೆ ತರಿಸಿಕೊಂಡಾಗ, ಕೊಂಡವರ ಓಡಾಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುವುದಿಲ್ಲ. ಆದರೆ ರಸ್ತೆಗೆ ಮಾತ್ರ ಹೊಸದೊಂದು ಸಾಗಣೆ ಸೇರಿಕೊಳ್ಳುತ್ತದೆ.

ಈ ನಾಲ್ಕೂ ಒಂದೇ ಮನೆಯಲ್ಲಿ, ಒಂದೇ ದಿನದಲ್ಲಿ ನಡೆಯಬಹುದು. ಆದ್ದರಿಂದ 'ಆನ್‌ಲೈನ್ ಖರೀದಿಯಿಂದ ಓಡಾಟ ತಗ್ಗಿತೇ?' ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರ ಸಾಲದು. ಅದು ಯಾವ ಪ್ರಯಾಣದ ಜಾಗದಲ್ಲಿ ಬಂತು ಎಂಬುದನ್ನು ಮೊದಲು ಕೇಳಬೇಕು.

ಮಕ್ಕಳಿಗಾಗಿ ಒಂದು ಲೆಕ್ಕ ಹಾಕೋಣ. ಇವು ಊಹೆಯ ಅಂಕಿಗಳು. ತರ್ಕವನ್ನು ತೋರಿಸಲು ಮಾತ್ರ. ಒಂದು ಬಡಾವಣೆಯಲ್ಲಿ 60 ಮನೆಗಳಿವೆ, ಅಂಗಡಿ 3 ಕಿಲೋಮೀಟರು ದೂರದಲ್ಲಿದೆ ಎನ್ನೋಣ. ಪ್ರತಿ ಮನೆಯವರೂ ಅದಕ್ಕೆಂದೇ ಸ್ಕೂಟರಿನಲ್ಲಿ ಹೋಗಿಬಂದರೆ ಮನೆಗೆ 6 ಕಿಲೋಮೀಟರಿನಂತೆ ಒಟ್ಟು 360 ಕಿಲೋಮೀಟರು. ಅದೇ ಸರಕನ್ನು ಒಂದು ವ್ಯಾನು ತುಂಬಿಕೊಂಡು, ಊರಾಚೆಯ ಗೋದಾಮಿನಿಂದ ಬಂದು, ಮನೆಮನೆಗೂ ಹಂಚಿ ಮರಳಲು 45 ಕಿಲೋಮೀಟರು ಸಾಕೆನ್ನೋಣ. ಆಗ 315 ಕಿಲೋಮೀಟರು ಉಳಿಯಿತು. ಮೇಲ್ನೋಟಕ್ಕೆ ಇದು ದೊಡ್ಡ ಗೆಲುವು.

ಆದರೆ ಆ 60 ಮನೆಗಳವರು ಅಂಗಡಿಗೆಂದೇ ಹೋಗುತ್ತಿದ್ದರೆ? ನಮ್ಮ ನಗರಗಳಲ್ಲಿ ಕಚೇರಿಯಿಂದ ಮರಳುವಾಗ ಬಸ್ಸಿನಿಂದಿಳಿದು ಸೊಪ್ಪು ಕೊಂಡು, ಔಷಧಿಯಂಗಡಿಯಲ್ಲಿ ಮಾತ್ರೆ ಕೊಂಡು, ಮಗುವನ್ನು ಪಾಠದ ಮನೆಯಿಂದ ಕರೆದುಕೊಂಡು ನಡೆದು ಬರುವವರೇ ಹೆಚ್ಚು. ಒಂದೇ ದಾರಿಯಲ್ಲಿ ಮೂರು ಕೆಲಸ. ಸೊಪ್ಪಿಗಾಗಿ ಅವರು ಹೆಚ್ಚಿಗೆ ಕ್ರಮಿಸಿದ ದೂರ ಸೊನ್ನೆ. ಅಂಥವರು ಅದೇ ಸೊಪ್ಪನ್ನು ಫೋನಿನಲ್ಲಿ ತರಿಸಿಕೊಂಡರೆ ಉಳಿಯುವುದೇನೂ ಇಲ್ಲ. ವ್ಯಾನಿನ 45 ಕಿಲೋಮೀಟರು ರಸ್ತೆಯ ಮೇಲೆ ಹೊಸದಾಗಿ ಬೀಳುತ್ತದೆ. ಇನ್ನು ಹತ್ತು ನಿಮಿಷದಲ್ಲಿ ಬೇಕೆಂದರೆ 60 ಮನೆಯ ಸರಕನ್ನು ಒಟ್ಟುಗೂಡಿಸಲು ಸಮಯವೇ ಇರುವುದಿಲ್ಲ. ಎರಡು ಕಿಲೋಮೀಟರು ದೂರದಿಂದ ಒಂದೊಂದು ಮನೆಗೂ ಒಂದೊಂದು ದ್ವಿಚಕ್ರ ವಾಹನ ಹೊರಟರೆ, ಹೋಗಿಬರುವ ದಾರಿ ಸೇರಿ 240 ಕಿಲೋಮೀಟರು. ಅವಸರವೇ ಇಲ್ಲಿ ನಿಜವಾದ ಖರ್ಚು. ಎರಡು ದಿನ ಕಾಯಬಲ್ಲ ಗ್ರಾಹಕನಿಗೂ ಹತ್ತು ನಿಮಿಷ ಕಾಯಲಾರದ ಗ್ರಾಹಕನಿಗೂ ನಡುವಿನ ಅಂತರವನ್ನು ಪೆಟ್ರೋಲಿನಲ್ಲಿಯೂ ಬೆವರಿನಲ್ಲಿಯೂ ಅಳೆಯಬಹುದು.

ವಿಶ್ವ ಆರ್ಥಿಕ ವೇದಿಕೆಯು 2020ರ ಆರಂಭದಲ್ಲಿ ಹೊರತಂದ ವರದಿಯೊಂದು, ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಜಗತ್ತಿನ 100 ಪ್ರಮುಖ ನಗರಗಳಲ್ಲಿ ಮನೆಬಾಗಿಲಿಗೆ ಸರಕು ಮುಟ್ಟಿಸುವ ವಾಹನಗಳ ಸಂಖ್ಯೆ 2030ರ ಹೊತ್ತಿಗೆ ಶೇ. 36ರಷ್ಟು ಏರಲಿದೆಯೆಂದು ಅಂದಾಜು ಮಾಡಿತ್ತು. ಆ ಎಣಿಕೆ ಸೋಂಕಿನ ಕಾಲಕ್ಕೆ ಮೊದಲಿನದು ಎಂಬುದನ್ನು ಗಮನಿಸಬೇಕು.

ಉಳಿದ ಸಮಯದಲ್ಲಿ ನಗರದ ಜನ ಏನು ಮಾಡುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. 1970ರ ದಶಕದಲ್ಲಿ ಯಾಕೋವ್ ಜಹಾವಿ, 1994ರಲ್ಲಿ ಇಟಲಿಯ ಚೆಸಾರೆ ಮಾರ್ಕೆಟ್ಟಿ ಒಂದು ಕುತೂಹಲದ ವಿಚಾರವನ್ನು ಮುಂದಿಟ್ಟರು. ಮನುಷ್ಯನು ದಿನಕ್ಕೆ ಸರಾಸರಿ ಸುಮಾರು ಒಂದು ಗಂಟೆಯನ್ನು ಪ್ರಯಾಣಕ್ಕೆಂದು ಮೀಸಲಿಡುತ್ತಾನೆ. ವಾಹನದ ವೇಗ ಹೆಚ್ಚಿದರೆ ಸಮಯ ಉಳಿಸುವ ಬದಲು ಇನ್ನಷ್ಟು ದೂರ ಹೋಗುತ್ತಾನೆ ಎಂಬುದು ಅವರ ವಾದ. ಈ ವಾದದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ನಮ್ಮ ಸುತ್ತ ಕಣ್ಣಾಡಿಸಿದರೆ ಅದರ ನೆರಳು ಕಾಣುತ್ತದೆ. ವಾರವೆಲ್ಲ ದಿನಸಿಯನ್ನು ಮನೆಗೇ ತರಿಸಿಕೊಂಡು ಭಾನುವಾರವನ್ನು ಉಳಿಸಿಕೊಂಡವರು ಆ ಭಾನುವಾರ ಮನೆಯಲ್ಲಿ ಕೂರುವುದಿಲ್ಲ. ನಂದಿಬೆಟ್ಟಕ್ಕೋ ನಮ್ಮ ನೀಲಗಿರಿಗೋ ಹೊರಡುತ್ತಾರೆ. ಬೇಸಿಗೆಯ ದಟ್ಟಣೆ ತಡೆಯಲಾರದೆ, ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯ ಮಾಡಬೇಕಾಯಿತು. ಚಿಕ್ಕ ಪ್ರಯಾಣಗಳನ್ನು ಉಳಿಸಿ ದೊಡ್ಡ ಪ್ರಯಾಣವೊಂದನ್ನು ಕೊಂಡ ಲೆಕ್ಕ ಇದು.

ಇಲ್ಲಿಯವರೆಗೆ ವಾಹನಗಳ ಲೆಕ್ಕವಾಯಿತು. ಈಗ ಮನುಷ್ಯರ ಲೆಕ್ಕ.

ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿದ್ದಾನೆ. ಬೊಮ್ಮನಹಳ್ಳಿಯ ಕಡೆ ನಾಲ್ವರು ಹುಡುಗರು ಕೂಡಿ ಒಂದು ಕೋಣೆ ಮಾಡಿಕೊಂಡಿದ್ದಾರೆ. ನಾಲ್ವರೂ ಬೆನ್ನಿಗೆ ಚೀಲ ಹೊತ್ತು ಮನೆಮನೆಗೆ ಸರಕು ಮುಟ್ಟಿಸುವವರು. ಕಳೆದ ಬಾರಿ ಹೋದಾಗ ಅವನ ಮೊಣಕೈಗೆ ಪಟ್ಟಿ ಕಟ್ಟಿತ್ತು. ಮಳೆಯಲ್ಲಿ ಜಾರಿದ್ದನಂತೆ. 'ದಿನಕ್ಕೆ ಎಷ್ಟು ದೂರ ಓಡಾಡ್ತೀಯಪ್ಪ?' ಎಂದು ಕೇಳಿದೆವು. 'ಎರಡು ದಿನ ತಿರುಗಿದರೆ ಬೆಂಗಳೂರಿಂದ ನಮ್ಮೂರಿಗೆ ಬಂದಷ್ಟಾಗ್ತದೆ ಚಿಕ್ಕಪ್ಪ. ಆದರೆ ಊರಿಗೆ ಬಂದು ಎಂಟು ತಿಂಗಳಾಯ್ತು' ಎಂದ. ಅವನು ಅದನ್ನು ದೂರಿನ ಧಾಟಿಯಲ್ಲಿ ಹೇಳಲಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ. ನಮಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮನೆಯಲ್ಲಿ ಕುಳಿತವರಿಗೆ ಪ್ರಯಾಣ ನಿಂತುಹೋಯಿತೆಂದು ತೋರುವುದು ಪ್ರಯಾಣ ಕೈ ಬದಲಾಯಿಸಿದ್ದರಿಂದ. ಹೊರಡಲಾರದವರ ಹೊಸ್ತಿಲನ್ನು ದಾಟಿ ಹೊರಡಲೇಬೇಕಾದವರ ಹೆಗಲನ್ನು ಅದು ಏರಿತು. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029–30ರ ವೇಳೆಗೆ ಅವರ ಸಂಖ್ಯೆ 2 ಕೋಟಿ 35 ಲಕ್ಷ ಮುಟ್ಟಲಿದೆ. ಇವರೆಲ್ಲರೂ ಸರಕು ಹೊರುವವರಲ್ಲ ನಿಜ. ಆದರೆ ನಗರದ ಮನೆಬಾಗಿಲಿನಲ್ಲಿ ನಮಗೆ ಎದುರಾಗುವ ಮುಖಗಳು ಆ ಎಣಿಕೆಯೊಳಗಿವೆ. ಇವರ ಹಿತಕ್ಕಾಗಿ 2023ರಲ್ಲಿ ರಾಜಸ್ಥಾನ ಮೊದಲಿಗೆ ಕಾಯ್ದೆ ಮಾಡಿತು. 2025ರಲ್ಲಿ ಕರ್ನಾಟಕವೂ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನನ್ನು ತಂದು, ಪ್ರತಿ ವ್ಯವಹಾರದ ಮೇಲೆ ಕಲ್ಯಾಣ ಶುಲ್ಕ ವಿಧಿಸುವ ಏರ್ಪಾಡು ಮಾಡಿತು. ಇದು ಸ್ವಾಗತಾರ್ಹ. ಆದರೆ ಮಳೆಯಲ್ಲಿ ಓಡುವ ಹುಡುಗನ ಗಡಿಯಾರವನ್ನು ಸ್ವಲ್ಪ ನಿಧಾನವಾಗಿಸುವ ಅಧಿಕಾರ ಕಾನೂನಿಗಿಂತ ಹೆಚ್ಚಾಗಿ ಗುಂಡಿ ಒತ್ತುವ ನಮ್ಮ ಬೆರಳಿನಲ್ಲಿದೆ.

ಇನ್ನು ಮನೆಯೊಳಗೆ ಉಳಿದವರ ಮಾತು. ನಮ್ಮ ಹೆಣ್ಣುಮಕ್ಕಳಿಗೆ ಸಂತೆಯೆಂಬುದು ಬರಿಯ ಖರೀದಿಯಾಗಿರಲಿಲ್ಲ. ಅದು ಹೊರಡಲು ಒಪ್ಪಿತವಾದ ಒಂದು ಕಾರಣ. 'ತರಕಾರಿ ತರಬೇಕು' ಎಂದರೆ ಮನೆಯಲ್ಲಿ ಯಾರೂ ಬೇಡವೆನ್ನುತ್ತಿರಲಿಲ್ಲ. ಆ ನೆಪದಲ್ಲಿ ತವರಿನವರ ಮುಖ ಕಾಣುತ್ತಿತ್ತು, ಮದುವೆಯ ಮಾತುಕತೆ ನಡೆಯುತ್ತಿತ್ತು, ಮೊಣಕಾಲು ನೋವಿಗೆ ಯಾರು ಯಾವ ವೈದ್ಯರಲ್ಲಿಗೆ ಹೋದರೆಂಬುದು ತಿಳಿಯುತ್ತಿತ್ತು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ ನಿಲ್ದಾಣಗಳು ತುಂಬಿ ತುಳುಕಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹೊರಡಬೇಕೆಂಬ ಆಸೆ ಎಷ್ಟು ವರ್ಷಗಳಿಂದ ಬಾಗಿಲ ಹಿಂದೆ ಕಾದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ಕೈ ಹೊರಡಲು ಟಿಕೆಟ್ಟು ಕೊಡುತ್ತಿರುವಾಗ ಇನ್ನೊಂದು ಕೈ ಹೊರಡುವ ಕಾರಣವನ್ನೇ ಕಸಿದುಕೊಳ್ಳುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕು.

ಹಾಗೆಂದು ಈ ಹೊಸ ವ್ಯವಸ್ಥೆಯನ್ನು ಸಾರಾಸಗಟಾಗಿ ದೂರಲು ನಾವು ಬಂದಿಲ್ಲ. ದೂರಿದರೆ ಅದು ಕೃತಘ್ನತೆಯಾದೀತು. ತಮಿಳುನಾಡಿನ ನಮ್ಮ ಪೇಟೆಗಳಲ್ಲಿ ಕನ್ನಡ ಪುಸ್ತಕ ಸಿಗುವುದು ಅಪರೂಪ. ಒಂದು ಕಾದಂಬರಿಗಾಗಿ, ಮಕ್ಕಳ ಒಂದು ನಿಘಂಟಿಗಾಗಿ ಕಾಡು ದಾಟಿ ಮೈಸೂರಿಗೆ ಹೋಗಬೇಕಿತ್ತು. ಇಂದು ಆ ಪುಸ್ತಕ ಅಂಚೆಯಲ್ಲೋ ಪಾರ್ಸೆಲಿನಲ್ಲೋ ಮಸಿನಗುಡಿಗೆ ಬಂದು ಇಳಿಯುತ್ತದೆ. ಪೇಟೆಯ ಅಂಗಡಿಯಲ್ಲಿ ದಾಸ್ತಾನಿಲ್ಲದ ಮಧುಮೇಹದ ಪರೀಕ್ಷಾಪಟ್ಟಿ, ನಡೆಯಲಾರದವರ ಊರುಗೋಲು, ಕಿವಿ ಮಂದವಾದವರ ಯಂತ್ರದ ಬ್ಯಾಟರಿ, ಇವು ಮನೆಗೆ ಬರುವುದನ್ನು ಯಾರು ತಾನೇ ಬೇಡವೆಂದಾರು? ನಗರದಲ್ಲಿ ಮಕ್ಕಳನ್ನು ದೂರ ಕಳಿಸಿ ಒಂಟಿಯಾಗಿರುವ ವೃದ್ಧರಿಗೆ ಈ ಬಾಗಿಲಿನ ಕರೆಗಂಟೆಯೇ ದಿನದ ಒಂದು ಸಮಾಧಾನವಾಗಿರುವುದೂ ಉಂಟು. ಹೋಗಲಾಗದವರಿಗೆ ಇದು ವರ. ಹೋಗಬಲ್ಲವರು ಇದನ್ನು ಹೇಗೆ ಬಳಸುತ್ತೇವೆ ಎಂಬುದರಲ್ಲಿದೆ ನಮ್ಮ ವಿವೇಕದ ಪರೀಕ್ಷೆ.

ನಮ್ಮ ಊರಿನಲ್ಲಿ ಈಗ ಏನಾಗಿದೆ? ಹಿಂದೆ ಹತ್ತು ಮನೆಯ ಚೀಟಿ ಒಂದು ಜೇಬಿನಲ್ಲಿ ಹೋಗುತ್ತಿತ್ತು. ಈಗ ಹತ್ತು ಮನೆಗೆ ಹತ್ತು ಪೊಟ್ಟಣ, ಬೇರೆ ಬೇರೆ ದಿನ, ಬೇರೆ ಬೇರೆ ವಾಹನದಲ್ಲಿ ಕಾಡಿನ ರಸ್ತೆಯ ಮೇಲೆ ಬರುತ್ತವೆ. ನಮ್ಮ ಸೀಗೂರು ಬಯಲು ಆನೆಗಳ ದಾರಿ. ಆ ದಾರಿಯನ್ನು ಉಳಿಸಬೇಕೆಂದು ಮದರಾಸು ಉಚ್ಚ ನ್ಯಾಯಾಲಯ 2011ರಲ್ಲಿ ಹೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ರಸ್ತೆಯ ಮೇಲಿನ ಒಂದೊಂದು ವಾಹನವೂ ಅಲ್ಲಿ ಎಣಿಕೆಗೆ ಬರುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ನಿಷೇಧಿಸಿರುವ ನೀಲಗಿರಿಗೆ, ಅಂಗಡಿಯ ಬಾಗಿಲಿನಿಂದ ಬಾರದ ಪ್ಲಾಸ್ಟಿಕ್ಕು ಪೊಟ್ಟಣದ ಹೊದಿಕೆಯಾಗಿ ಮನೆಯ ಬಾಗಿಲಿಗೆ ಬರುವುದನ್ನೂ ನೋಡುತ್ತಿದ್ದೇವೆ.

ನಮಗಿರುವ ಇನ್ನೊಂದು ಆತಂಕ ಬಸ್ಸಿನದು. ಬಸ್ಸಿನ ಒಂದು ಸುತ್ತು ಉಳಿಯಬೇಕಾದರೆ ಅದಕ್ಕೆ ಜನ ಹತ್ತಬೇಕು. ಪೇಟೆಗೆ ಹೋಗುವವರು ಕಡಿಮೆಯಾದರೆ ಖಾಲಿ ಓಡುವ ಬಸ್ಸನ್ನು ನಿಲ್ಲಿಸುವ ಮಾತು ಇಂದಲ್ಲ ನಾಳೆ ಬರುತ್ತದೆ. ಆಗ ಸೀರೆ ಕೊಳ್ಳುವವರಿಗೆ ತೊಂದರೆಯಾಗುವುದಿಲ್ಲ. ಸೀರೆ ಹೇಗೂ ಬರುತ್ತದೆ. ತೊಂದರೆಯಾಗುವುದು ಪೊಟ್ಟಣದಲ್ಲಿ ತರಿಸಿಕೊಳ್ಳಲಾಗದ್ದಕ್ಕಾಗಿ ಹೋಗುವವರಿಗೆ: ಹೆರಿಗೆಯ ತಪಾಸಣೆಗೆ ಹೋಗುವ ಹೆಂಗಸಿಗೆ, ಕೂಲಿಗೆ ಹೋಗುವ ಗಂಡಸಿಗೆ, ಶಾಲೆಗೆ ಹೋಗುವ ಮಗುವಿಗೆ. ಬಸ್ಸೆಂಬುದು ಎಲ್ಲರ ಕಾರಣಗಳೂ ಸೇರಿ ಎಳೆಯುವ ತೇರು. ಕೆಲವರು ಮಿಣಿ ಬಿಟ್ಟರೆ ಉಳಿದವರಿಂದ ಅದು ಕದಲದು. ಪೇಟೆಯ ಚಿಕ್ಕ ಅಂಗಡಿಯವರ ಮಾತೂ ಇದೇ. ಕೈಯಲ್ಲಿ ಹಣವಿಲ್ಲದ ತಿಂಗಳಿನಲ್ಲಿ ಉದ್ದರಿ ಬರೆದುಕೊಂಡು ಅಕ್ಕಿ ಕೊಡುವವರು ಅವರೇ ಹೊರತು ಫೋನಿನೊಳಗಿನ ಅಂಗಡಿಯಲ್ಲ. ಹಣವಿದ್ದಾಗ ಫೋನಿಗೆ, ಇಲ್ಲದಾಗ ಅವರ ಬಾಗಿಲಿಗೆ ಎಂಬ ನಡತೆ ಬಹಳ ಕಾಲ ನಡೆಯದು.

ಹಾಗಾದರೆ ಮಾಡಬೇಕಾದ್ದೇನು? ನಾವು ದೊಡ್ಡ ಉಪಾಯಗಳನ್ನು ಹೇಳಬಲ್ಲವರಲ್ಲ. ನಮ್ಮ ಹಳೆಯ ಚೀಟಿಗಳು ಕಲಿಸಿದ ಮೂರು ಮಾತುಗಳನ್ನು ಮಾತ್ರ ಇಲ್ಲಿ ಇಡುತ್ತೇವೆ.

ಒಂದು, ಕಾಯುವುದು. ಅವಸರವಿಲ್ಲದ ವಸ್ತುವಿಗೆ ಅವಸರದ ಗುಂಡಿಯನ್ನು ಒತ್ತದಿರುವುದು. ವಾರದಲ್ಲಿ ಬೇಕಾದ್ದನ್ನೆಲ್ಲ ಒಂದೇ ಬಾರಿ, ಒಂದೇ ಪೊಟ್ಟಣದಲ್ಲಿ ತರಿಸುವುದು. ಕಾಡು ರಾತ್ರಿ ಒಂಬತ್ತು ಗಂಟೆಗಳ ಕಾಲ ಬಾಗಿಲು ಮುಚ್ಚಿಕೊಳ್ಳುತ್ತದೆ, ಆದರೂ ನಮ್ಮ ಸಂಸಾರಗಳು ನಡೆದಿವೆ. ನಗರವೂ ಒಂದಿಷ್ಟು ಕಾಯಬಲ್ಲದು.

ಎರಡು, ಕೂಡಿಸುವುದು. ಮನೆಮನೆಗೆ ಅಲೆಸುವ ಬದಲು ಬೀದಿಗೊಂದು, ಊರಿಗೊಂದು ಕಡೆ ಸರಕು ಇಳಿಸಿಕೊಂಡು ನಡೆದು ಹೋಗಿ ತರುವುದು. ಆ ಜಾಗ ನೆರೆಯ ಅಂಗಡಿಯಾದರೆ ಅಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ. ನಮ್ಮ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಅವುಗಳಲ್ಲಿ ಬಹುಪಾಲು ಹಳ್ಳಿಗಳಲ್ಲೇ ಇವೆ. ಒಟ್ಟುಗೂಡಿಸಿ ಹಂಚುವ ವಿದ್ಯೆಯಲ್ಲಿ ಅವರಿಗಿಂತ ಹಿರಿಯರು ಯಾರೂ ಇಲ್ಲ.

ಮೂರು, ಹೊರಡುವುದು. ಹೋಗಬಲ್ಲವರು ಆಗಾಗ ಹೋಗಬೇಕು. ದಾರಿಯಲ್ಲಿ ಸಿಗುವ ಸೊಪ್ಪನ್ನು ದಾರಿಯಲ್ಲೇ ಕೊಳ್ಳಬೇಕು. ಹೊರಡುವಾಗ ಪಕ್ಕದ ಮನೆಯವರನ್ನು 'ಏನಾದರೂ ತರಬೇಕೇ?' ಎಂದು ಕೇಳಬೇಕು.

ಮಕ್ಕಳೇ, ನಿಮಗೊಂದು ಕೆಲಸ ಕೊಟ್ಟು ಹೋಗುತ್ತೇವೆ. ಶಾಲೆಯೆಂದ ಮೇಲೆ ಮನೆಗೆಲಸವಿಲ್ಲದೆ ಆಗದು. ಒಂದು ವಾರದ ಕಾಲ ನಿಮ್ಮ ಮನೆಗೆ ಬಂದ ಪ್ರತಿಯೊಂದು ವಸ್ತುವಿನ ಮುಂದೆಯೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇದನ್ನು ತಂದವರು ಯಾರು? ಎಷ್ಟು ದೂರದಿಂದ ತಂದರು? ಇದಕ್ಕೆಂದೇ ಬಂದರೇ, ಬೇರೆ ಕೆಲಸದ ಜೊತೆಗೆ ತಂದರೇ? ಇದು ಬರದಿದ್ದರೆ ನೀವು ಹೋಗಿ ತರುತ್ತಿದ್ದಿರೇ? ಇಡೀ ತರಗತಿಯ ಉತ್ತರಗಳನ್ನು ಕೂಡಿಸಿದರೆ ನಿಮ್ಮ ಊರಿನ ಓಡಾಟದ ನಕ್ಷೆಯೊಂದು ನಿಮ್ಮ ಕೈಯಲ್ಲೇ ಸಿದ್ಧವಾಗುತ್ತದೆ. ನಾವು ಇಷ್ಟು ಹೊತ್ತು ಆಡಿದ ಮಾತಿಗಿಂತ ಅದು ಹೆಚ್ಚು ಬೆಲೆಯುಳ್ಳದ್ದು.

ಕೊನೆಯದಾಗಿ ಒಂದು ಮಾತು. 2020ರಲ್ಲಿ ನಾವು ಶಾಲೆಯನ್ನೂ ಮನೆಗೆ ತರಿಸಿಕೊಂಡು ನೋಡಿದೆವು. ಪಾಠ ಫೋನಿನಲ್ಲಿ ಬಂತು. ಸಂಪರ್ಕ ಸಿಗದ ನಮ್ಮಂಥ ಕಾಡಂಚಿನ ಊರುಗಳಲ್ಲಿ ಮಕ್ಕಳು ದಿಣ್ಣೆ ಹತ್ತಿ ಪಾಠ ಕೇಳಿದರು. ಆಗ ನಮಗೆಲ್ಲ ತಿಳಿದದ್ದೇನು? ಅಕ್ಷರ ಮನೆಗೆ ಬರಬಹುದು, ಶಾಲೆ ಮನೆಗೆ ಬರುವುದಿಲ್ಲ. ಗೆಳೆಯನ ಬುತ್ತಿಯ ರುಚಿ, ಬೇರೆ ಜಾತಿಯ ಬೇರೆ ಊರಿನ ಹುಡುಗನ ಪಕ್ಕದಲ್ಲಿ ಕೂರುವ ರೂಢಿ, ಗುರುಗಳ ಕಣ್ಣಿನ ಎಚ್ಚರಿಕೆ, ಇವಾವುವೂ ಪೊಟ್ಟಣದಲ್ಲಿ ಬರುವಂಥವಲ್ಲ. ನೂರು ವರ್ಷಗಳಿಂದ ಮಕ್ಕಳು ದಿನವೂ ಮನೆಬಿಟ್ಟು ಹೊರಟು ಇಲ್ಲಿಗೆ ನಡೆದು ಬಂದದ್ದರಿಂದಲೇ ಈ ಕಟ್ಟಡ ಶಾಲೆಯಾಗಿದೆ. ಗಡಿಯಾಚೆಯ ಕಾಡಿನೂರಿನಿಂದ ನಾವೂ ಹಾಗೆ ಹೊರಟು ಬಂದವರು. ಹೊರಟಿರದಿದ್ದರೆ ಇಂದು ನಿಮ್ಮ ಮುಂದೆ ಕನ್ನಡದಲ್ಲಿ ಇಷ್ಟು ಮಾತನಾಡುವ ಯೋಗ್ಯತೆ ನಮಗೆ ಬರುತ್ತಿರಲಿಲ್ಲ.

ಹೊರಡುವ ಆ ಅಭ್ಯಾಸ ನಮ್ಮ ಮಕ್ಕಳಿಗೂ ಉಳಿಯಲಿ. ಈ ಶಾಲೆ ಇನ್ನೂ ನೂರು ವರ್ಷ ಬಾಳಲಿ.